ಡೈರೆಕ್ಟರಿ ಸರ್ವರ್‌ನ ನಿಗಾ

ಡೈರೆಕ್ಟರಿ ಸರ್ವರ್‌ನ ನಿಗಾ : ಒಂದು ಸಂಸ್ಥೆಯ ಬಳಕೆದಾರರು, ಗುಂಪುಗಳು, ಯಂತ್ರಗಳು ಮತ್ತು ಅಧಿಕಾರಗಳ ವಿವರವನ್ನು ಇಟ್ಟುಕೊಂಡು ಕೇಳಿದ ಕೂಡಲೇ ಒದಗಿಸುವ ಸರ್ವರ್ ಸುಸ್ಥಿತಿಯಲ್ಲಿದೆಯೇ, ಅದರಲ್ಲಿ ಯಾರು ಏನನ್ನು ಹುಡುಕುತ್ತಿದ್ದಾರೆ, ಏನನ್ನು ಬದಲಿಸುತ್ತಿದ್ದಾರೆ ಎಂಬುದನ್ನು ಎಡೆಬಿಡದೆ ಅಳೆದು ದಾಖಲಿಸುವ ಕಾರ್ಯ. ಕಚೇರಿಯ ಕಂಪ್ಯೂಟರಿಗೆ ಲಾಗಿನ್ ಆಗುವಾಗ, ಇಮೇಲ್ ತೆರೆಯುವಾಗ, ವೈಫೈಗೆ ಸೇರುವಾಗ, ಮನೆಯಿಂದ ವಿಪಿಎನ್ ಮೂಲಕ ಕೆಲಸಕ್ಕೆ ಕೂರುವಾಗ ತೆರೆಯ ಹಿಂದೆ ಈ ಸರ್ವರ್‌ಗೆ ಒಂದೆರಡು ಪ್ರಶ್ನೆಗಳು ಹೋಗುತ್ತವೆ. ಬಳಕೆದಾರರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಡೈರೆಕ್ಟರಿ ಕುಂಟತೊಡಗಿದಾಗ ದೂರು ಬರುವುದು ಇಮೇಲ್ ಸರಿಯಿಲ್ಲವೆಂದು, ವೈಫೈ ಸಿಗುತ್ತಿಲ್ಲವೆಂದು. ಮೂಲ ಎಲ್ಲಿದೆ ಎಂದು ತಿಳಿಯುವ ಹೊತ್ತಿಗೆ ಇಡೀ ಸಂಸ್ಥೆಯ ಕೆಲಸ ನಿಂತಿರುತ್ತದೆ. ಡೈರೆಕ್ಟರಿಯ ನಿಗಾ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿರುವುದು ಈ ಕಾರಣದಿಂದ.

ಈ ಲೇಖನದಲ್ಲಿ 389 ಡೈರೆಕ್ಟರಿ ಸರ್ವರ್ ಎಂಬ ಮುಕ್ತ ತಂತ್ರಾಂಶವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಓಪನ್ ಎಲ್‌ಡಿಎಪಿ ಮತ್ತು ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಗಳನ್ನು ಹೋಲಿಕೆಗೆ ಬಳಸಿಕೊಳ್ಳಲಾಗಿದೆ.

ಹಿನ್ನೆಲೆ

ಜಾಲದಲ್ಲಿರುವ ಜನರ ಮತ್ತು ಯಂತ್ರಗಳ ವಿವರಕ್ಕೆ ಜಗತ್ತಿನಾದ್ಯಂತ ಒಂದೇ ಮಾದರಿ ಇರಲಿ ಎಂಬ ಉದ್ದೇಶದಿಂದ ಅಂತಾರಾಷ್ಟ್ರೀಯ ದೂರಸಂಪರ್ಕ ಸಲಹಾ ಸಮಿತಿ ಸಿಸಿಐಟಿಟಿ 1988ರಲ್ಲಿ ಎಕ್ಸ್.500 ಮಾನದಂಡವನ್ನು ಹೊರತಂದಿತು. ಅದರ ಸಂವಹನ ವಿಧಾನ ಅಂದಿನ ಸಣ್ಣ ಕಂಪ್ಯೂಟರುಗಳಿಗೆ ಭಾರವಾಗಿತ್ತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದನ್ನು ಹಗುರಗೊಳಿಸಿದರು. 1993ರಲ್ಲಿ ಆರ್‌ಎಫ್‌ಸಿ ಎಂಬ ಅಂತರ್ಜಾಲ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ 1487ನೆಯದಾಗಿ ಪ್ರಕಟವಾದ ಆ ವಿಧಾನವೇ ಎಲ್‌ಡಿಎಪಿಯ ಮೊದಲ ರೂಪ. 1997ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯನ್ನು 2006ರಲ್ಲಿ ಪರಿಷ್ಕರಿಸಲಾಯಿತು. ಇಂದಿಗೂ ಬಳಕೆಯಲ್ಲಿರುವುದು ಇದೇ.

ಮಿಶಿಗನ್ ತಂಡದ ಪ್ರಮುಖರು 1996ರಲ್ಲಿ ನೆಟ್‌ಸ್ಕೇಪ್ ಸೇರಿದರು. ಅಲ್ಲಿ ಅವರು ಕಟ್ಟಿದ ಡೈರೆಕ್ಟರಿ ಸರ್ವರ್ ಎಒಎಲ್ ಕಂಪನಿಯ ಕೈಸೇರಿ, 2004ರಲ್ಲಿ ರೆಡ್ ಹ್ಯಾಟ್ ಪಾಲಾಗಿ, 2005ರಲ್ಲಿ ಫೆಡೋರಾ ಡೈರೆಕ್ಟರಿ ಸರ್ವರ್ ಎಂಬ ಹೆಸರಿನಿಂದ ಮುಕ್ತವಾಯಿತು. 2009ರಲ್ಲಿ ಅದಕ್ಕೆ ಎಲ್‌ಡಿಎಪಿಯ ಪೋರ್ಟ್ ಸಂಖ್ಯೆಯಾದ 389 ಎಂಬುದೇ ಹೆಸರಾಯಿತು. ಮಿಶಿಗನ್‌ನ ಮೂಲ ಸಂಕೇತವನ್ನೇ ಆಧರಿಸಿ 1998ರಲ್ಲಿ ಓಪನ್ ಎಲ್‌ಡಿಎಪಿ ಯೋಜನೆ ಆರಂಭವಾಗಿತ್ತು. 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಜೊತೆಗೆ ಆಕ್ಟಿವ್ ಡೈರೆಕ್ಟರಿ ಬಂತು.

ನಿಗಾದ ಯೋಚನೆಯೂ ಇವುಗಳಷ್ಟೇ ಹಳೆಯದು. ಎಕ್ಸ್.500 ಸರ್ವರ್‌ಗಳಲ್ಲಿ ಏನೇನನ್ನು ಎಣಿಸಬೇಕು ಎಂಬ ಪಟ್ಟಿ 1994ರಲ್ಲೇ ಆರ್‌ಎಫ್‌ಸಿ 1567 ಆಗಿ ಹೊರಬಂದಿತ್ತು. ಗ್ಲೆನ್ ಮ್ಯಾನ್ಸ್‌ಫೀಲ್ಡ್ ಮತ್ತು ಸ್ಟೀವ್ ಕಿಲ್ ಅದನ್ನು ಎಲ್‌ಡಿಎಪಿಗೂ ಒಗ್ಗುವಂತೆ ತಿದ್ದಿದ್ದು 1999ರ ಆರ್‌ಎಫ್‌ಸಿ 2605. ಅನಾಮಿಕ ಪ್ರವೇಶಗಳೆಷ್ಟು, ಗುಪ್ತಪದ ಕೊಟ್ಟು ಬಂದವರೆಷ್ಟು, ಹುಡುಕಾಟಗಳೆಷ್ಟು, ಭದ್ರತಾ ದೋಷಗಳೆಷ್ಟು ಎಂಬ ಅದರ ಎಣಿಕೆಗಳು ಜಾಲದ ನಿಗಾಕ್ಕೆ ಬಳಸುವ ಎಸ್‌ಎನ್‌ಎಂಪಿ ವಿಧಾನದ ಮೂಲಕ ಓದುವಂಥವು. 389 ಸರ್ವರ್‌ನಲ್ಲಿ ಈಗಲೂ ಹೆಚ್ಚುಕಡಿಮೆ ಅದೇ ಪಟ್ಟಿ ಸಿಗುತ್ತದೆ.

ಜೀವಂತಿಕೆಯ ಪರೀಕ್ಷೆ

ಅತಿ ಸರಳ ಪರೀಕ್ಷೆಯೆಂದರೆ 389 ಅಥವಾ ಗೂಢಲಿಪಿಯ ಸಂಪರ್ಕಕ್ಕೆ ಬಳಸುವ 636ನೇ ಪೋರ್ಟ್ ತೆರೆದಿದೆಯೇ ಎಂದು ನೋಡುವುದು. ಇದು ಸಾಲದು. ಒಳಗೆ ಪ್ರಶ್ನೆಗಳನ್ನು ನಿಭಾಯಿಸುವ ಥ್ರೆಡ್‌ಗಳೆಲ್ಲ ಸಿಕ್ಕಿಕೊಂಡು ಕೂತಿದ್ದರೂ ಕಾರ್ಯಾಚರಣ ವ್ಯವಸ್ಥೆ ಹೊಸ ಸಂಪರ್ಕವನ್ನು ಸ್ವೀಕರಿಸುತ್ತಲೇ ಇರಬಹುದು. ಪೋರ್ಟ್ ತೆರೆದೇ ಕಾಣುತ್ತದೆ, ಉತ್ತರ ಮಾತ್ರ ಬರುವುದಿಲ್ಲ.

ಆದ್ದರಿಂದ ಪರೀಕ್ಷೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡುತ್ತಾರೆ. ಮೊದಲ ಮೆಟ್ಟಿಲು ರೂಟ್ ಡಿಎಸ್‌ಇ ಎಂಬ ಬೇರಿನ ದಾಖಲೆಯನ್ನು ಓದುವುದು. ಸರ್ವರ್ ಯಾವ ಯಾವ ಶಾಖೆಗಳನ್ನು ಹೊಂದಿದೆ, ಎಲ್‌ಡಿಎಪಿಯ ಯಾವ ಆವೃತ್ತಿ ತಿಳಿದಿದೆ ಎಂದು ಅದು ಹೇಳುತ್ತದೆ. ಇದಕ್ಕೆ ಉತ್ತರ ಬಂದರೆ ಸರ್ವರ್ ಮಾತನಾಡುತ್ತಿದೆ ಎಂದರ್ಥ. ದತ್ತಾಂಶ ಕೈಗೆಟುಕುತ್ತಿದೆ ಎಂದಲ್ಲ. ಎರಡನೆಯ ಮೆಟ್ಟಿಲು ಪರೀಕ್ಷೆಗೆಂದೇ ಇಟ್ಟ ಒಂದು ಖಾತೆಯಿಂದ ಗುಪ್ತಪದ ಕೊಟ್ಟು ಒಳಹೋಗುವುದು, ಅಂದರೆ ಬೈಂಡ್ ಆಗುವುದು. ಮೂರನೆಯದು ಗೊತ್ತಿರುವ ಒಂದು ದಾಖಲೆಯನ್ನು ಹುಡುಕಿ, ಬಂದ ಉತ್ತರ ಸರಿಯಿದೆಯೇ ಎಂದು ತಾಳೆನೋಡುವುದು. ನಾಲ್ಕನೆಯದು ಒಂದು ಸಣ್ಣ ಬದಲಾವಣೆಯನ್ನು ಬರೆದು ನೋಡುವುದು. ಓದಲು ಬರುತ್ತಿದ್ದು ಬರೆಯಲು ಬಾರದ ಸ್ಥಿತಿ ಅಪರೂಪವೇನಲ್ಲ. ಓಪನ್ ಎಲ್‌ಡಿಎಪಿ ಬಳಸುವ ಎಲ್‌ಎಂಡಿಬಿ ದತ್ತಸಂಚಯಕ್ಕೆ ಗರಿಷ್ಠ ಗಾತ್ರವನ್ನು ಮೊದಲೇ ಗೊತ್ತುಮಾಡಬೇಕು. ಅದನ್ನು ಹೇಳದಿದ್ದರೆ ಮಿತಿ ಸುಮಾರು 10 ಎಂಬಿ ಮಾತ್ರ. ಆ ಮಿತಿ ತುಂಬಿದರೆ ಹುಡುಕಾಟಗಳೆಲ್ಲ ಎಂದಿನಂತೆ ನಡೆಯುತ್ತವೆ, ಹೊಸ ದಾಖಲೆ ಸೇರಿಸಲು ಹೋದವರಿಗೆ ಮಾತ್ರ ದೋಷ ಎದುರಾಗುತ್ತದೆ.

ಪ್ರತಿ ಮೆಟ್ಟಿಲಿಗೂ ಹಿಡಿದ ಸಮಯವನ್ನು ಬರೆದಿಡಬೇಕು. ಈ ಪರೀಕ್ಷೆಗಳನ್ನು ಸರ್ವರ್ ಇರುವ ಯಂತ್ರದಲ್ಲೇ ನಡೆಸಿದರೆ ನಡುವಿನ ಜಾಲ, ಲೋಡ್ ಬ್ಯಾಲೆನ್ಸರ್, ಡಿಎನ್‌ಎಸ್‌ಗಳ ತೊಂದರೆ ಕಾಣುವುದಿಲ್ಲ. ಬಳಕೆದಾರರು ಇರುವ ಕಡೆಯಿಂದಲೇ ಕೇಳಿನೋಡುವುದು ಮೇಲು.

ಸರ್ವರ್ ತಾನೇ ಹೇಳುವ ಲೆಕ್ಕ

ಎಲ್‌ಡಿಎಪಿ ಸರ್ವರ್‌ಗಳ ಒಂದು ಸೊಗಸಾದ ಗುಣವೆಂದರೆ, ತಮ್ಮ ಸ್ಥಿತಿಯನ್ನೂ ಒಂದು ಡೈರೆಕ್ಟರಿ ದಾಖಲೆಯಂತೆಯೇ ಒಪ್ಪಿಸುವುದು. ‘ಸಿಎನ್=ಮಾನಿಟರ್’ ಎಂಬ ಶಾಖೆಯನ್ನು ಸಾಮಾನ್ಯ ಹುಡುಕಾಟದಿಂದಲೇ ಓದಬಹುದು; ಬೇರೆ ಉಪಕರಣ ಬೇಡ. ಓಪನ್ ಎಲ್‌ಡಿಎಪಿಯಲ್ಲಿ ಅದು ಸಂಪರ್ಕಗಳು, ಕಾರ್ಯಾಚರಣೆಗಳು, ಥ್ರೆಡ್‌ಗಳು, ದತ್ತಸಂಚಯಗಳು ಎಂದು ಕೊಂಬೆ ಕೊಂಬೆಯಾಗಿ ಒಡೆದುಕೊಂಡಿದೆ. 389 ಸರ್ವರ್‌ನಲ್ಲಿ ಒಂದೇ ದಾಖಲೆಯಲ್ಲಿ ಮುಖ್ಯ ಎಣಿಕೆಗಳಿದ್ದು, ಪ್ರತಿ ದತ್ತಸಂಚಯಕ್ಕೂ ಪ್ರತ್ಯೇಕ ಮಾನಿಟರ್ ದಾಖಲೆ ಇರುತ್ತದೆ.

ಈ ಎಣಿಕೆಗಳನ್ನು ಓದುವ ಕ್ರಮ ತಿಳಿದಿರಬೇಕು. ಒಟ್ಟು ಸಂಪರ್ಕಗಳು, ಆರಂಭವಾದ ಕಾರ್ಯಗಳು, ಮುಗಿದ ಕಾರ್ಯಗಳು, ಕಳುಹಿಸಿದ ದಾಖಲೆಗಳು, ಕಳುಹಿಸಿದ ಬೈಟ್‌ಗಳು, ಇವೆಲ್ಲ ಸರ್ವರ್ ಎದ್ದ ಗಳಿಗೆಯಿಂದ ಕೂಡುತ್ತ ಬಂದ ಮೊತ್ತಗಳು. ಒಮ್ಮೆ ಓದಿದ ಅಂಕಿಗೆ ಹೆಚ್ಚಿನ ಅರ್ಥವಿಲ್ಲ. ಎರಡು ಓದುಗಳ ವ್ಯತ್ಯಾಸವನ್ನು ನಡುವಿನ ಕಾಲದಿಂದ ಭಾಗಿಸಿದಾಗಲೇ ಸೆಕೆಂಡಿಗೆ ಎಷ್ಟು ಎಂಬ ವೇಗ ಸಿಗುತ್ತದೆ. ಸರ್ವರ್ ನಿಂತು ಮತ್ತೆ ಎದ್ದರೆ ಮೊತ್ತ ಸೊನ್ನೆಯಿಂದ ಆರಂಭವಾಗುತ್ತದೆ. ಆದ್ದರಿಂದ ಆರಂಭದ ಸಮಯವನ್ನೂ ಜೊತೆಗೇ ಓದಬೇಕು. ಯಾರೂ ನಿಲ್ಲಿಸಿ ಎಬ್ಬಿಸದೆಯೇ ಆರಂಭದ ಸಮಯ ಬದಲಾಗಿದ್ದರೆ ಸರ್ವರ್ ತಾನಾಗಿ ಕುಸಿದು ಎದ್ದಿದೆ ಎಂಬ ಸುಳಿವು ಅದರಲ್ಲೇ ಇರುತ್ತದೆ.

ಆರಂಭವಾದ ಕಾರ್ಯಗಳಿಂದ ಮುಗಿದವನ್ನು ಕಳೆದರೆ ಈ ಕ್ಷಣ ಕೈಯಲ್ಲಿರುವ ಕೆಲಸದ ಪ್ರಮಾಣ ತಿಳಿಯುತ್ತದೆ. ಓದುತ್ತಿರುವ ನಿಗಾದ ಪ್ರಶ್ನೆಯೇ ಇನ್ನೂ ಮುಗಿದಿಲ್ಲದ ಕಾರಣ ಈ ವ್ಯತ್ಯಾಸ ಕನಿಷ್ಠ 1 ಇದ್ದೇ ಇರುತ್ತದೆ. ಅದು ಏರುತ್ತಲೇ ಹೋಗಿ ಇಳಿಯದಿದ್ದರೆ ಸರ್ವರ್ ಎಲ್ಲೋ ಸಿಕ್ಕಿಕೊಂಡಿದೆ. 389 ಸರ್ವರ್‌ನ ‘ರೀಡ್‌ವೇಟರ್ಸ್’ ಎಂಬ ಅಂಕಿ, ಪ್ರಶ್ನೆ ಕಳುಹಿಸಿಯೂ ಥ್ರೆಡ್ ಸಿಗದೆ ಕಾಯುತ್ತಿರುವ ಸಂಪರ್ಕಗಳನ್ನು ಎಣಿಸುತ್ತದೆ. ಒಂದೇ ಸಂಪರ್ಕ ಎಲ್ಲ ಥ್ರೆಡ್‌ಗಳನ್ನೂ ಹಿಡಿದಿಡದಂತೆ ಅಲ್ಲಿ ಒಂದು ಸಂಪರ್ಕಕ್ಕೆ ಸಾಮಾನ್ಯವಾಗಿ 5 ಥ್ರೆಡ್‌ಗಳ ಮಿತಿ ಇದೆ. ಆ ಮಿತಿಗೆ ಎಷ್ಟು ಸಲ ತಾಗಿತು ಎಂಬುದೂ ದಾಖಲಾಗುತ್ತದೆ. ಇದು ಬೇಗ ಬೇಗ ಏರುತ್ತಿದ್ದರೆ ಯಾವುದೋ ಅಪ್ಲಿಕೇಶನ್ ತನ್ನೆಲ್ಲ ಪ್ರಶ್ನೆಗಳನ್ನು ಒಂದೇ ಸಂಪರ್ಕದಲ್ಲಿ ತುರುಕುತ್ತಿದೆ ಎಂದು ತಿಳಿಯಬಹುದು.

ಪ್ರತಿ ಸಂಪರ್ಕವೂ ಒಂದು ಫೈಲ್ ಡಿಸ್ಕ್ರಿಪ್ಟರನ್ನು ಬಳಸುತ್ತದೆ. ತೆರೆದ ಸಂಪರ್ಕವನ್ನು ಮುಚ್ಚದೆ ಬಿಡುವ ಅಪ್ಲಿಕೇಶನ್ ಒಂದಿದ್ದರೂ ಸಾಕು, ದಿನಗಳೆದಂತೆ ಡಿಸ್ಕ್ರಿಪ್ಟರುಗಳು ಮುಗಿದು ಬೇರೆಲ್ಲರಿಗೂ ಬಾಗಿಲು ಮುಚ್ಚುತ್ತದೆ. ಈಗಿನ ಸಂಪರ್ಕಗಳ ಸಂಖ್ಯೆಯನ್ನು ಗರಿಷ್ಠ ಮಿತಿಯ ಪಕ್ಕದಲ್ಲಿಟ್ಟು ವಾರಗಟ್ಟಲೆ ನೋಡಿದರೆ ಈ ಸೋರಿಕೆ ಮೊದಲೇ ಕಣ್ಣಿಗೆ ಬೀಳುತ್ತದೆ.

ಪ್ರವೇಶ ಲಾಗ್

ಎಣಿಕೆಗಳು ಎಷ್ಟು ಎಂದು ಹೇಳಿದರೆ, ಯಾರು ಮತ್ತು ಯಾಕೆ ಎಂಬುದಕ್ಕೆ ಪ್ರವೇಶ ಲಾಗ್ ನೋಡಬೇಕು. 389 ಸರ್ವರ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಸಂಖ್ಯೆ, ಅದರೊಳಗಿನ ಪ್ರತಿ ಕಾರ್ಯಕ್ಕೂ ಇನ್ನೊಂದು ಸಂಖ್ಯೆ ಇರುತ್ತದೆ. ಸಂಪರ್ಕ ಯಾವ ಐಪಿ ವಿಳಾಸದಿಂದ ಬಂತು, ಯಾವ ಹೆಸರಿನಲ್ಲಿ ಬೈಂಡ್ ಆಯಿತು, ಯಾವ ಶಾಖೆಯಲ್ಲಿ ಯಾವ ಫಿಲ್ಟರ್ ಹಾಕಿ ಹುಡುಕಿತು, ಎಷ್ಟು ದಾಖಲೆ ಸಿಕ್ಕವು, ಎಷ್ಟು ಹೊತ್ತು ಹಿಡಿಯಿತು ಎಂಬುದೆಲ್ಲ ಸಾಲು ಸಾಲಾಗಿ ಬರೆದಿರುತ್ತದೆ. ಒಂದು ಸಂಪರ್ಕ ಸಂಖ್ಯೆಯನ್ನು ಹಿಡಿದು ಹೊರಟರೆ ಆ ಅಪ್ಲಿಕೇಶನ್ ಬಂದಲ್ಲಿಂದ ಹೋಗುವವರೆಗಿನ ಕಥೆ ಪೂರ್ತಿ ಸಿಗುತ್ತದೆ.

ಫಲಿತಾಂಶದ ಸಂಕೇತಗಳು ಎಲ್ಲ ಎಲ್‌ಡಿಎಪಿ ಸರ್ವರ್‌ಗಳಿಗೂ ಒಂದೇ. 0 ಎಂದರೆ ಯಶಸ್ಸು. 32 ಎಂದರೆ ಅಂಥ ದಾಖಲೆ ಇಲ್ಲ. 49 ಎಂದರೆ ಗುಪ್ತಪದ ಅಥವಾ ಹೆಸರು ತಪ್ಪು. 50 ಎಂದರೆ ಅಧಿಕಾರ ಸಾಲದು. 3, 4 ಮತ್ತು 11 ಅನುಕ್ರಮವಾಗಿ ಕಾಲ, ಗಾತ್ರ ಮತ್ತು ಆಡಳಿತದ ಮಿತಿ ಮೀರಿದ್ದನ್ನು ಹೇಳುತ್ತವೆ. 51 ಸರ್ವರ್ ಬಿಡುವಿಲ್ಲದಿರುವುದನ್ನು, 52 ಸೇವೆ ಲಭ್ಯವಿಲ್ಲದಿರುವುದನ್ನು ಸೂಚಿಸುತ್ತವೆ. 32 ಮತ್ತು 49 ದಿನವೂ ಒಂದಿಷ್ಟು ಬರುವುದು ಸಹಜ. 51 ಮತ್ತು 52 ಒಂದು ಬಂದರೂ ವಿಚಾರಿಸಬೇಕು.

ಕಾಲದ ಅಂಕಿಯಲ್ಲಿ ಇತ್ತೀಚಿನ ಆವೃತ್ತಿಗಳು ಬಹಳ ಉಪಯುಕ್ತವಾದ ಒಂದು ವಿಂಗಡಣೆ ಮಾಡಿವೆ. ಒಟ್ಟು ಹಿಡಿದ ಸಮಯ ‘ಇಟೈಮ್’. ಪ್ರಶ್ನೆ ಸರದಿಯಲ್ಲಿ ಕಾದ ಸಮಯ ‘ಡಬ್ಲ್ಯುಟೈಮ್’. ನಿಜವಾಗಿ ಕೆಲಸಕ್ಕೆ ತಗಲಿದ ಸಮಯ ‘ಆಪ್‌ಟೈಮ್’. ಕಾದ ಸಮಯ ಹೆಚ್ಚಿದ್ದರೆ ಥ್ರೆಡ್‌ಗಳು ಸಾಲುತ್ತಿಲ್ಲ ಅಥವಾ ಬೇರೆ ಭಾರದ ಕೆಲಸಗಳು ಅವನ್ನು ಹಿಡಿದಿಟ್ಟಿವೆ. ಕೆಲಸದ ಸಮಯವೇ ಹೆಚ್ಚಿದ್ದರೆ ದೋಷ ಆ ಪ್ರಶ್ನೆಯಲ್ಲೋ ಅದಕ್ಕೆ ಬೇಕಾದ ಇಂಡೆಕ್ಸ್‌ನಲ್ಲೋ ಇರುತ್ತದೆ. ಸಂಪರ್ಕ ಹೇಗೆ ಮುಗಿಯಿತು ಎಂಬುದಕ್ಕೂ ಸಂಕೇತಗಳಿವೆ: ಯು1 ಎಂದರೆ ಕ್ಲೈಂಟ್ ವಿಧಿವತ್ತಾಗಿ ಬೀಳ್ಕೊಂಡಿತು, ಟಿ1 ಎಂದರೆ ಸುಮ್ಮನೆ ಕೂತದ್ದರಿಂದ ಸರ್ವರ್ ಕಡಿದುಹಾಕಿತು.

ಲಕ್ಷಾಂತರ ಸಾಲುಗಳನ್ನು ಕಣ್ಣಲ್ಲಿ ಓದುವುದು ಆಗದ ಮಾತು. ನೆಟ್‌ಸ್ಕೇಪ್ ಕಾಲದಿಂದ ಬಂದ ‘ಲಾಗ್‌ಕಾನ್ವ್’ ಎಂಬ ಸ್ಕ್ರಿಪ್ಟ್ ಈ ಲಾಗನ್ನು ಜರಡಿ ಹಿಡಿದು, ಹೆಚ್ಚು ಸಮಯ ಹಿಡಿದ ಹುಡುಕಾಟಗಳು, ಹೆಚ್ಚು ಬಂದ ವಿಳಾಸಗಳು, ವಿಫಲ ಬೈಂಡ್‌ಗಳು ಎಂದು ಪಟ್ಟಿಮಾಡಿ ಕೊಡುತ್ತದೆ. ವೇಗಕ್ಕಾಗಿ ಸರ್ವರ್ ಲಾಗನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಹಾಗಾಗಿ ಲಾಗಿನ ತುದಿಯಲ್ಲಿ ಕಾಣುವುದು ಈ ಕ್ಷಣದ ಘಟನೆ ಆಗಿರಬೇಕೆಂದಿಲ್ಲ. ಬಿಡುವಿನ ವೇಳೆಯಲ್ಲಿ ಈ ಅಂತರ ಇನ್ನೂ ಹೆಚ್ಚು.

ಇಂಡೆಕ್ಸ್ ಮತ್ತು ಕ್ಯಾಶ್

ಡೈರೆಕ್ಟರಿ ನಿಧಾನವಾಗಲು ಅತಿ ಸಾಮಾನ್ಯ ಕಾರಣ ಇಂಡೆಕ್ಸ್ ಇಲ್ಲದ ಹುಡುಕಾಟ. ಪದಸೂಚಿ ಇಲ್ಲದ ದಪ್ಪ ಪುಸ್ತಕದಲ್ಲಿ ಒಂದು ಹೆಸರು ಹುಡುಕಲು ಪ್ರತಿ ಪುಟ ತಿರುವಬೇಕಾಗುವಂತೆ, ಆಗ ಸರ್ವರ್ ಪ್ರತಿ ದಾಖಲೆಯನ್ನೂ ತೆರೆದು ನೋಡಬೇಕಾಗುತ್ತದೆ. ಪರೀಕ್ಷಾ ಘಟ್ಟದಲ್ಲಿ ಕೆಲವು ನೂರು ದಾಖಲೆಗಳಿದ್ದಾಗ ಇದು ಯಾರ ಗಮನಕ್ಕೂ ಬಾರದು. ದಾಖಲೆಗಳು ಲಕ್ಷಕ್ಕೇರಿದಾಗ ಅದೇ ಹುಡುಕಾಟ ಒಂದು ಥ್ರೆಡ್ಡನ್ನು ಸೆಕೆಂಡುಗಟ್ಟಲೆ ಹಿಡಿಯುತ್ತದೆ, ಅಂಥ ನಾಲ್ಕಾರು ಸೇರಿದರೆ ಬೇರೆಯವರ ಲಾಗಿನ್‌ಗಳು ಸರದಿಯಲ್ಲಿ ನಿಲ್ಲುತ್ತವೆ.

389 ಸರ್ವರ್ ಇಂಥ ಹುಡುಕಾಟವನ್ನು ಪ್ರವೇಶ ಲಾಗಿನಲ್ಲೇ ಗುರುತುಹಾಕಿ ತೋರಿಸುತ್ತದೆ. ಫಿಲ್ಟರಿನ ಯಾವ ಭಾಗಕ್ಕೂ ಇಂಡೆಕ್ಸ್ ಇಲ್ಲದಿದ್ದರೆ ‘ಎ’ ಎಂಬ ಟಿಪ್ಪಣಿ. ಒಂದು ಭಾಗಕ್ಕೆ ಇಲ್ಲದಿದ್ದರೆ ಅಥವಾ ಅಭ್ಯರ್ಥಿ ದಾಖಲೆಗಳ ಪಟ್ಟಿ ನಿಗದಿತ ಮಿತಿ ಮೀರಿದರೆ ‘ಯು’ ಎಂಬ ಟಿಪ್ಪಣಿ. ಹಳೆಯ ಆವೃತ್ತಿಗಳಲ್ಲಿ ಆ ಮಿತಿ ಸಾಮಾನ್ಯವಾಗಿ 4000 ಇತ್ತು. ಆಕ್ಟಿವ್ ಡೈರೆಕ್ಟರಿಯಲ್ಲಿ ಇದೇ ಕೆಲಸವನ್ನು 1644ನೇ ಘಟನೆ ಮಾಡುತ್ತದೆ. ಅದಕ್ಕೆ ಸಂಬಂಧಪಟ್ಟ ಲಾಗಿನ ಮಟ್ಟವನ್ನು ಏರಿಸಿದರೆ, ಸಾಮಾನ್ಯ ಹೊಂದಿಕೆಯಲ್ಲಿ 10,000ಕ್ಕಿಂತ ಹೆಚ್ಚು ದಾಖಲೆಗಳನ್ನು ಮುಟ್ಟಿದ ಹುಡುಕಾಟ ದುಬಾರಿಯೆಂದೂ, 1,000ಕ್ಕಿಂತ ಹೆಚ್ಚು ಮುಟ್ಟಿ ಅದರ ಶೇ. 10ಕ್ಕಿಂತ ಕಡಿಮೆ ಹಿಂದಿರುಗಿಸಿದ್ದು ಅದಕ್ಷವೆಂದೂ ದಾಖಲಾಗುತ್ತದೆ.

ಕಂಡ ಪ್ರತಿ ಟಿಪ್ಪಣಿಗೂ ಹೊಸ ಇಂಡೆಕ್ಸ್ ಕಟ್ಟುವುದು ಪರಿಹಾರವಲ್ಲ. ಪ್ರತಿ ಇಂಡೆಕ್ಸೂ ಬರಹವನ್ನು ನಿಧಾನಗೊಳಿಸುತ್ತದೆ. ಅನೇಕ ಸಲ ಅಪ್ಲಿಕೇಶನ್ನಿನ ಫಿಲ್ಟರನ್ನು ತಿದ್ದುವುದೇ ಸರಿಯಾದ ದಾರಿ. ಲಾಗಿನಿಂದ ಆ ಅಪ್ಲಿಕೇಶನ್ ಯಾವುದೆಂದು ತೋರಿಸಿಕೊಡುವುದು ನಿಗಾದ ಕೆಲಸ.

ಕ್ಯಾಶ್‌ನದು ಇನ್ನೊಂದು ಲೆಕ್ಕ. ಪದೇಪದೇ ಕೇಳುವ ದಾಖಲೆಗಳನ್ನು ಸರ್ವರ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕೇಳಿದವುಗಳಲ್ಲಿ ಎಷ್ಟು ಪಾಲು ಮೆಮೊರಿಯಲ್ಲೇ ಸಿಕ್ಕಿತು ಎಂಬ ಅನುಪಾತ ಮಾನಿಟರ್ ದಾಖಲೆಯಲ್ಲಿದೆ. ಸರ್ವರ್ ಎದ್ದ ಹೊಸತರಲ್ಲಿ ಇದು ಕಡಿಮೆ ಇರುವುದು ಸಹಜ. ದಿನಗಳಾದರೂ ಏರದಿದ್ದರೆ, ಕ್ಯಾಶ್ ತನ್ನ ಗರಿಷ್ಠ ಗಾತ್ರಕ್ಕೆ ತಾಗಿಯೇ ನಿಂತಿದ್ದರೆ, ಅದಕ್ಕೆ ಕೊಟ್ಟ ಮೆಮೊರಿ ಸಾಲದು ಎಂದರ್ಥ. ಆದರೆ ಈ ಅನುಪಾತವೂ ಆರಂಭದಿಂದ ಕೂಡಿಬಂದ ಸರಾಸರಿ. ಮೂರು ತಿಂಗಳಿಂದ ಓಡುತ್ತಿರುವ ಸರ್ವರ್‌ನಲ್ಲಿ ಇಂದು ಬೆಳಗಿನ ಕುಸಿತ ಅದರಲ್ಲಿ ಮರೆಯಾಗಿಬಿಡುತ್ತದೆ. ಇಲ್ಲಿಯೂ ವ್ಯತ್ಯಾಸ ತೆಗೆದು ನೋಡುವುದೇ ಕ್ರಮ.

ಪ್ರತಿಗಳ ಹೊಂದಾಣಿಕೆ

ದೊಡ್ಡ ಸಂಸ್ಥೆಗಳಲ್ಲಿ ಒಂದೇ ಡೈರೆಕ್ಟರಿಯ ಹಲವು ಪ್ರತಿಗಳಿರುತ್ತವೆ. ಒಂದರಲ್ಲಿ ಆದ ಬದಲಾವಣೆ ಉಳಿದವಕ್ಕೆ ಹರಿಯಬೇಕು. ಈ ಹರಿವಿಗೆ ರೆಪ್ಲಿಕೇಶನ್ ಎನ್ನುತ್ತಾರೆ. ಡೈರೆಕ್ಟರಿಯ ದೋಷಗಳಲ್ಲಿ ಅತ್ಯಂತ ಮೋಸಗಾರ ದೋಷವೆಂದರೆ ಈ ಹರಿವು ನಿಂತುಹೋಗುವುದು. ಪ್ರತಿ ಸರ್ವರ್ ತನ್ನಷ್ಟಕ್ಕೆ ಚುರುಕಾಗಿ ಉತ್ತರಿಸುತ್ತಿರುತ್ತದೆ, ಆದರೆ ಉತ್ತರಗಳು ಬೇರೆ ಬೇರೆಯಾಗಿರುತ್ತವೆ. ಕೆಲಸ ಬಿಟ್ಟುಹೋದವರ ಖಾತೆಯನ್ನು ಒಂದು ಸರ್ವರ್‌ನಲ್ಲಿ ಮುಚ್ಚಿದರೂ ಇನ್ನೊಂದರಲ್ಲಿ ಅದು ತೆರೆದೇ ಉಳಿಯಬಹುದು.

389 ಸರ್ವರ್‌ನಲ್ಲಿ ಪ್ರತಿ ಬದಲಾವಣೆಗೂ ಸಿಎಸ್‌ಎನ್ ಎಂಬ ಗುರುತು ಅಂಟುತ್ತದೆ. ಸಮಯ, ಸರಣಿ ಸಂಖ್ಯೆ, ಬದಲಾವಣೆ ಹುಟ್ಟಿದ ಸರ್ವರ್‌ನ ಸಂಖ್ಯೆ, ಉಪಸರಣಿ, ಇವಿಷ್ಟೂ ಸೇರಿದ 20 ಹೆಕ್ಸಾಡೆಸಿಮಲ್ ಅಂಕಿಗಳ ಗುರುತು ಅದು. ಯಾವ ಯಾವ ಮೂಲದಿಂದ ಯಾವ ಗುರುತಿನವರೆಗೆ ತನಗೆ ತಲುಪಿದೆ ಎಂಬ ಪಟ್ಟಿಯನ್ನು ಪ್ರತಿ ಸರ್ವರ್ ಇಟ್ಟುಕೊಳ್ಳುತ್ತದೆ; ಅದಕ್ಕೆ ಆರ್‌ಯುವಿ ಎಂದು ಹೆಸರು. ಎರಡು ಸರ್ವರ್‌ಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಎಷ್ಟು ಹೊತ್ತು ಹಿಂದಿದೆ ಎಂಬುದು ಸಿಗುತ್ತದೆ. ಓಪನ್ ಎಲ್‌ಡಿಎಪಿಯಲ್ಲಿ ಈ ಕೆಲಸಕ್ಕೆ ‘ಕಾಂಟೆಕ್ಸ್ಟ್ ಸಿಎಸ್‌ಎನ್’ ಎಂಬ ಗುಣವನ್ನು ಹೋಲಿಸುತ್ತಾರೆ. ಆಕ್ಟಿವ್ ಡೈರೆಕ್ಟರಿ ಯುಎಸ್‌ಎನ್ ಎಂಬ ಏರಿಕೆಯ ಸಂಖ್ಯೆಯನ್ನು ಬಳಸುತ್ತದೆ. ಅಲ್ಲಿ ‘ರೆಪ್‌ಅಡ್ಮಿನ್’ ಮತ್ತು ‘ಡಿಸಿಡಯಾಗ್’ ಆಜ್ಞೆಗಳು ಸ್ಥಿತಿಯನ್ನು ತೋರಿಸುತ್ತವೆ.

ಇಲ್ಲೊಂದು ಬಲೆ ಇದೆ. ಬರಹವೇ ನಡೆಯದ ರಾತ್ರಿಯಲ್ಲಿ ಎರಡೂ ಪಟ್ಟಿಗಳು ಒಂದೇ ಆಗಿರುತ್ತವೆ, ನಡುವಿನ ಕೊಂಡಿ ಕಡಿದಿದ್ದರೂ ಸಹ. ಇದನ್ನು ತಪ್ಪಿಸಲು ನಿಗಾದವರು ಒಂದು ಪರೀಕ್ಷಾ ದಾಖಲೆಯಲ್ಲಿ ನಿಮಿಷಕ್ಕೊಮ್ಮೆ ಸಮಯವನ್ನು ಬರೆದು, ಅದು ಉಳಿದ ಸರ್ವರ್‌ಗಳಲ್ಲಿ ಯಾವಾಗ ಕಾಣಿಸಿತು ಎಂದು ಅಳೆಯುತ್ತಾರೆ. ಇದರ ಜೊತೆಗೆ, ಒಂದೇ ಹೊತ್ತಿಗೆ ಎರಡು ಕಡೆ ಒಂದೇ ಹೆಸರಿನ ದಾಖಲೆ ಹುಟ್ಟಿದಾಗ ಉಳಿಯುವ ಸಂಘರ್ಷದ ದಾಖಲೆಗಳನ್ನು ಆಗಾಗ ಹುಡುಕಿ ತೆಗೆಯಬೇಕು.

ಹಿಂದುಳಿಯುವುದಕ್ಕೂ ಒಂದು ಗಡುವು ಇರುತ್ತದೆ. ಬದಲಾವಣೆಗಳ ಪಟ್ಟಿಯನ್ನು ಸರ್ವರ್ ಅನಂತಕಾಲ ಇಟ್ಟುಕೊಳ್ಳುವುದಿಲ್ಲ. ಅದನ್ನು ಕತ್ತರಿಸುವ ಅವಧಿಗಿಂತ ಹೆಚ್ಚು ಕಾಲ ಒಂದು ಪ್ರತಿ ದೂರವಿದ್ದರೆ ಅದನ್ನು ಮೊದಲಿನಿಂದ ತುಂಬಬೇಕಾಗುತ್ತದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಅಳಿಸಿದ ದಾಖಲೆಯ ಗುರುತು ಉಳಿಯುವ ಕಾಲ ಮೊದಲು 60 ದಿನವಿತ್ತು. ವಿಂಡೋಸ್ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕ್‌ನಿಂದ ಹೊಸದಾಗಿ ಕಟ್ಟುವ ಡೈರೆಕ್ಟರಿಗಳಿಗೆ 180 ದಿನವಾಯಿತು. ಅದಕ್ಕಿಂತ ಹೆಚ್ಚು ಕಾಲ ಮಲಗಿದ್ದ ಸರ್ವರ್ ಮತ್ತೆ ಸೇರಿದರೆ, ಎಂದೋ ಅಳಿಸಿದ ಖಾತೆಗಳು ಜೀವ ಪಡೆದು ಬರುವ ಅಪಾಯವಿದೆ.

ಪ್ರತಿಗಳಿದ್ದರೆ ಬ್ಯಾಕಪ್ ಬೇಡ ಎಂಬ ನಂಬಿಕೆಯೂ ಅಪಾಯಕಾರಿ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಡೆನ್ಮಾರ್ಕ್‌ನ ಹಡಗು ಸಾಗಣೆ ಸಂಸ್ಥೆ ಮಾರ್ಸ್ಕ್‌ನ ಜಾಲಕ್ಕೆ ಹೊಕ್ಕಾಗ ಅದರ ಡೊಮೈನ್ ಕಂಟ್ರೋಲರ್‌ಗಳು, ಅಂದರೆ ಆಕ್ಟಿವ್ ಡೈರೆಕ್ಟರಿಯ ಸರ್ವರ್‌ಗಳು, ಒಟ್ಟಿಗೇ ನಾಶವಾದವು. ಪರಸ್ಪರ ಪ್ರತಿಗಳೆಂಬ ಭರವಸೆಯ ಮೇಲೆ ನಿಂತ ವ್ಯವಸ್ಥೆ ಅದು. ಘಾನಾದ ಕಚೇರಿಯಲ್ಲಿ ವಿದ್ಯುತ್ ಹೋಗಿದ್ದ ಕಾರಣ ಜಾಲದಿಂದ ಹೊರಗಿದ್ದ ಒಂದೇ ಒಂದು ಕಂಟ್ರೋಲರ್ ಉಳಿದು, ಅದರಿಂದ ಡೈರೆಕ್ಟರಿಯನ್ನು ಮತ್ತೆ ಕಟ್ಟಲಾಯಿತು ಎಂದು ವರದಿಯಾಗಿದೆ. ಕೊನೆಯ ಬ್ಯಾಕಪ್ ಯಾವಾಗ ಆಯಿತು, ಅದನ್ನು ಮರಳಿ ತುಂಬಿ ನೋಡಿದ್ದು ಯಾವಾಗ ಎಂಬ ಎರಡು ದಿನಾಂಕಗಳು ನಿಗಾದ ಫಲಕದಲ್ಲಿ ಇರಲೇಬೇಕು.

ಡಿಸ್ಕ್, ಗಡಿಯಾರ, ಪ್ರಮಾಣಪತ್ರ

ಡೈರೆಕ್ಟರಿಯ ತಂತ್ರಾಂಶದಲ್ಲಿ ಯಾವ ದೋಷವಿಲ್ಲದಿದ್ದರೂ ಅದನ್ನು ಕೆಡವಬಲ್ಲ ಸಂಗತಿಗಳು ಮೂರು. ಮೊದಲನೆಯದು ತುಂಬಿದ ಡಿಸ್ಕ್. ಬರೆಯುತ್ತಿರುವಾಗ ಜಾಗ ಮುಗಿದರೆ ದತ್ತಸಂಚಯವೇ ಕೆಡಬಹುದು. 389 ಸರ್ವರ್‌ನಲ್ಲಿ ಡಿಸ್ಕ್ ನಿಗಾವನ್ನು ಚಾಲೂ ಮಾಡಿದರೆ, ಜಾಗ ಕಡಿಮೆಯಾದಂತೆ ಅದು ಲಾಗ್ ಬರೆಯುವುದನ್ನು ಕಡಿಮೆ ಮಾಡಿ, ಹಳೆಯ ಲಾಗ್‌ಗಳನ್ನು ಅಳಿಸಿ, ಕೊನೆಗೆ ತನ್ನನ್ನು ತಾನೇ ಕ್ರಮವಾಗಿ ನಿಲ್ಲಿಸಿಕೊಳ್ಳುತ್ತದೆ. ಅದರ ಸಾಮಾನ್ಯ ಮಿತಿ 2 ಎಂಬಿ ಮಾತ್ರ. ಇಂದಿನ ಡಿಸ್ಕ್‌ಗಳಿಗೆ ಅದು ತೀರಾ ಕಡಿಮೆಯಾದ್ದರಿಂದ ಏರಿಸಿಕೊಳ್ಳುವುದು ವಾಡಿಕೆ.

ಎರಡನೆಯದು ಗಡಿಯಾರ. ಸಿಎಸ್‌ಎನ್ ನಿಂತಿರುವುದೇ ಸಮಯದ ಮೇಲೆ. ಒಂದು ಸರ್ವರ್‌ನ ಗಡಿಯಾರ ಮುಂದೆ ಓಡಿದರೆ ಅದರ ಬದಲಾವಣೆಗಳೇ ಯಾವಾಗಲೂ ಹೊಸವೆಂದು ಗೆಲ್ಲುತ್ತವೆ. ಅಂತರ ಒಂದು ದಿನ ಮೀರಿದರೆ 389 ಸರ್ವರ್ ರೆಪ್ಲಿಕೇಶನ್ನನ್ನೇ ನಿರಾಕರಿಸುತ್ತದೆ. ಆಕ್ಟಿವ್ ಡೈರೆಕ್ಟರಿಯ ಲಾಗಿನ್‌ಗೆ ಆಧಾರವಾದ ಕೆರ್ಬರೋಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಪ್ಪುವುದಿಲ್ಲ.

ಮೂರನೆಯದು ಟಿಎಲ್‌ಎಸ್ ಪ್ರಮಾಣಪತ್ರ. ಅದರ ಅವಧಿ ಮುಗಿದ ಗಳಿಗೆಯಲ್ಲಿ ಸರ್ವರ್ ಆರೋಗ್ಯವಾಗಿಯೇ ಇರುತ್ತದೆ, ಆದರೆ ಗೂಢಲಿಪಿಯ ಸಂಪರ್ಕ ಬಯಸುವ ಕ್ಲೈಂಟ್‌ಗಳೆಲ್ಲ ಒಟ್ಟಿಗೇ ಹಿಂದೆ ಸರಿಯುತ್ತವೆ. 389 ಸರ್ವರ್‌ನ ಆರೋಗ್ಯ ತಪಾಸಣೆಯ ಆಜ್ಞೆ 30 ದಿನ ಮೊದಲೇ ಇದನ್ನು ಎಚ್ಚರಿಸುತ್ತದೆ. ಮುಗಿಯುವ ದಿನ ಮುಂಚಿತವಾಗಿಯೇ ಗೊತ್ತಿರುವ ಅವಘಡ ಇದಾದ್ದರಿಂದ, ನಿಗಾ ಇರುವ ಕಡೆ ಇದು ಸಂಭವಿಸಲೇಬಾರದು.

ಚಟುವಟಿಕೆ ಮತ್ತು ಭದ್ರತೆ

ಸಂಸ್ಥೆಯ ಎಲ್ಲ ಕೀಲಿಗಳ ಪಟ್ಟಿ ಡೈರೆಕ್ಟರಿಯಲ್ಲಿರುವುದರಿಂದ ದಾಳಿಕೋರರ ಕಣ್ಣು ಮೊದಲು ಬೀಳುವುದು ಅದರ ಮೇಲೆ. ಒಂದೇ ಖಾತೆಗೆ ನೂರಾರು ಗುಪ್ತಪದ ಪ್ರಯತ್ನಿಸಿದರೆ ಖಾತೆಗೆ ಬೀಗ ಬೀಳುತ್ತದೆ, ಸುಲಭವಾಗಿ ಗೊತ್ತಾಗುತ್ತದೆ. ಒಂದೇ ಸಾಮಾನ್ಯ ಗುಪ್ತಪದವನ್ನು ಸಾವಿರಾರು ಖಾತೆಗಳಿಗೆ ಒಂದೊಂದು ಸಲ ಮಾತ್ರ ಪ್ರಯತ್ನಿಸಿದರೆ ಯಾವ ಖಾತೆಗೂ ಬೀಗ ಬೀಳುವುದಿಲ್ಲ. ಇದನ್ನು ಹಿಡಿಯಲು ಖಾತೆವಾರು ಎಣಿಕೆ ಸಾಲದು. ಒಂದು ವಿಳಾಸದಿಂದ ಎಷ್ಟು ಬೇರೆ ಬೇರೆ ಖಾತೆಗಳಿಗೆ 49ರ ಸಂಕೇತ ಬಂತು ಎಂದು ನೋಡಬೇಕು.

ಹೆಸರು ಕೊಟ್ಟು ಗುಪ್ತಪದ ಖಾಲಿ ಬಿಟ್ಟು ಬೈಂಡ್ ಮಾಡುವುದನ್ನೂ ಗಮನಿಸಬೇಕು. ಇದನ್ನು ಸರ್ವರ್‌ಗಳು ಸಾಮಾನ್ಯವಾಗಿ ನಿರಾಕರಿಸಬೇಕೆಂದು ಆರ್‌ಎಫ್‌ಸಿ 4513 ಹೇಳುತ್ತದೆ. ನಿರಾಕರಿಸದ ಸರ್ವರ್ ಅನಾಮಿಕ ಪ್ರವೇಶ ಕೊಟ್ಟು ಯಶಸ್ಸು ಎಂದು ಉತ್ತರಿಸಿದರೆ, ಎಚ್ಚರವಿಲ್ಲದ ಅಪ್ಲಿಕೇಶನ್ ಗುಪ್ತಪದ ಸರಿಯಿದೆ ಎಂದೇ ತಿಳಿದು ಬಾಗಿಲು ತೆರೆದುಬಿಡುತ್ತದೆ.

ಒಳಹೊಕ್ಕವರು ಮುಂದೆ ಮಾಡುವುದು ಸಮೀಕ್ಷೆ. 2016ರಲ್ಲಿ ಬಿಡುಗಡೆಯಾದ ಬ್ಲಡ್‌ಹೌಂಡ್‌ನಂಥ ಉಪಕರಣಗಳು ಆಕ್ಟಿವ್ ಡೈರೆಕ್ಟರಿಯ ಬಳಕೆದಾರರು, ಗುಂಪುಗಳು, ಅಧಿಕಾರಗಳನ್ನು ಓದಿ, ಸಾಮಾನ್ಯ ಖಾತೆಯಿಂದ ಆಡಳಿತದ ಖಾತೆಗೆ ತಲುಪುವ ದಾರಿಯ ನಕ್ಷೆ ಬರೆದುಕೊಡುತ್ತವೆ. ದಿನವೂ ಹತ್ತಾರು ದಾಖಲೆ ಓದುತ್ತಿದ್ದ ಖಾತೆ ಇದ್ದಕ್ಕಿದ್ದಂತೆ ಇಡೀ ಮರವನ್ನು ಓದಿದರೆ ಅದು ಕಳುಹಿಸಿದ ದಾಖಲೆಗಳ ಎಣಿಕೆಯಲ್ಲಿ ಎದ್ದು ಕಾಣಬೇಕು. ಡೊಮೈನ್ ಕಂಟ್ರೋಲರ್ ಅಲ್ಲದ ಯಂತ್ರವೊಂದು ಪ್ರತಿಯ ಸೋಗಿನಲ್ಲಿ ರೆಪ್ಲಿಕೇಶನ್ ಕೇಳಿದರೆ ಅದು ಗುಪ್ತಪದಗಳ ಕಳವಿನ ಸ್ಪಷ್ಟ ಲಕ್ಷಣ.

ಬದಲಾವಣೆಗಳಿಗೆ ಪ್ರತ್ಯೇಕ ಲಾಗ್ ಇರುವುದು ವಾಡಿಕೆ. 389 ಸರ್ವರ್‌ನಲ್ಲಿ ಆಡಿಟ್ ಲಾಗ್, ಓಪನ್ ಎಲ್‌ಡಿಎಪಿಯಲ್ಲಿ ಆ್ಯಕ್ಸೆಸ್‌ಲಾಗ್ ಪದರ, ಆಕ್ಟಿವ್ ಡೈರೆಕ್ಟರಿಯಲ್ಲಿ 5136ನೇ ಘಟನೆ ಈ ಕೆಲಸ ಮಾಡುತ್ತವೆ. ಆಡಳಿತ ಗುಂಪಿಗೆ ಸೇರಿದ ಪ್ರತಿ ಹೊಸ ಹೆಸರಿಗೂ ಎಚ್ಚರಿಕೆ ಬರುವಂತೆ ಮಾಡುವುದು ಕಡಿಮೆ ಶ್ರಮದ, ಹೆಚ್ಚು ಫಲದ ಕ್ರಮ.

ಡೈರೆಕ್ಟರಿಯನ್ನೇ ಆಯುಧ ಮಾಡಿಕೊಳ್ಳುವವರೂ ಇದ್ದಾರೆ. ಯುಡಿಪಿ 389ನೇ ಪೋರ್ಟ್ ಅಂತರ್ಜಾಲಕ್ಕೆ ತೆರೆದಿರುವ ಸರ್ವರ್‌ಗೆ ಬೇರೊಬ್ಬರ ವಿಳಾಸದಿಂದ ಬಂದಂತೆ ಸಣ್ಣ ಪ್ರಶ್ನೆ ಕಳುಹಿಸಿದರೆ ದೊಡ್ಡ ಉತ್ತರ ಆ ಬೇರೊಬ್ಬರ ಮೇಲೆ ಹೋಗಿ ಬೀಳುತ್ತದೆ. 2020ರ ಫೆಬ್ರವರಿಯಲ್ಲಿ ಅಮೆಜಾನ್ ವೆಬ್ ಸರ್ವಿಸಸ್ ಎದುರಿಸಿದ, ಸೆಕೆಂಡಿಗೆ 2.3 ಟೆರಾಬಿಟ್ ಪ್ರಮಾಣದ ದಾಳಿ ಇದೇ ಬಗೆಯದು. ತನ್ನ ಸರ್ವರ್‌ನಿಂದ ಹೊರಹೋಗುವ ಸಂಚಾರವನ್ನೂ ಅಳೆಯಬೇಕೆನ್ನುವುದು ಇದಕ್ಕಾಗಿ.

ಉಪಕರಣಗಳು ಮತ್ತು ಎಚ್ಚರಿಕೆಗಳು

1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಬಂದ ನೇಗಿಯೋಸ್‌ನಲ್ಲಿ ಎಲ್‌ಡಿಎಪಿ ಪರೀಕ್ಷೆಗೆ ಸಿದ್ಧ ಪ್ಲಗಿನ್ ಇದೆ. ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ 2012ರಲ್ಲಿ ಹುಟ್ಟಿದ ಪ್ರೊಮೀಥಿಯಸ್, ಮಾನಿಟರ್ ಶಾಖೆಯ ಎಣಿಕೆಗಳನ್ನು ಕಾಲಕಾಲಕ್ಕೆ ಎಳೆದು ಕೂಡಿಡಬಲ್ಲದು. ಅವನ್ನು ಗ್ರಾಫಾನಾದಲ್ಲಿ ರೇಖೆಗಳಾಗಿ ನೋಡಬಹುದು. ಆಕ್ಟಿವ್ ಡೈರೆಕ್ಟರಿಗೆ ವಿಂಡೋಸ್‌ನ ಪರ್ಫಾರ್ಮೆನ್ಸ್ ಮಾನಿಟರ್ ಸೆಕೆಂಡಿಗೆ ಹುಡುಕಾಟಗಳು, ಬೈಂಡ್ ಸಮಯ, ಬಾಕಿ ಇರುವ ರೆಪ್ಲಿಕೇಶನ್ ಮುಂತಾದ ಅಂಕಿಗಳನ್ನು ಕೊಡುತ್ತದೆ.

ಯಾವ ಉಪಕರಣವಾದರೂ ಎಚ್ಚರಿಕೆಯ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಆಯಾ ಸರ್ವರ್‌ನ ಹಿಂದಿನ ನಡವಳಿಕೆಯೇ ಹೇಳಬೇಕು. ವಿಶ್ವವಿದ್ಯಾಲಯದ ಡೈರೆಕ್ಟರಿಗೆ ಪ್ರವೇಶಾತಿಯ ವಾರದಲ್ಲಿ, ಕಂಪನಿಯದಕ್ಕೆ ಸೋಮವಾರ ಬೆಳಿಗ್ಗೆ ಭಾರ ಏರುವುದು ರೋಗವಲ್ಲ. ಸೋಮವಾರದ ಅಂಕಿಯನ್ನು ಹಿಂದಿನ ಸೋಮವಾರಗಳ ಜೊತೆ ಹೋಲಿಸಬೇಕು. ಸರಾಸರಿಯ ಬದಲು ಅತಿ ನಿಧಾನವಾದ ಶೇ. 1ರಷ್ಟು ಪ್ರಶ್ನೆಗಳನ್ನು ನೋಡುವುದು ಇನ್ನೂ ಒಳ್ಳೆಯದು. ಸಾವಿರಾರು ಚುಟುಕು ಹುಡುಕಾಟಗಳ ಸರಾಸರಿಯಲ್ಲಿ ಹತ್ತಾರು ಜನರ ಹತ್ತು ಸೆಕೆಂಡಿನ ಕಾಯುವಿಕೆ ಮುಚ್ಚಿಹೋಗುತ್ತದೆ. ಎಚ್ಚರಿಕೆಗಳು ಮಿತಿಮೀರಿದರೆ ಯಾರೂ ಅವನ್ನು ಓದುವುದಿಲ್ಲ. ಆದ್ದರಿಂದ ರಾತ್ರಿ ಎಬ್ಬಿಸಬೇಕಾದದ್ದು, ಬೆಳಿಗ್ಗೆ ನೋಡಿದರಾಗುವಂಥದ್ದು, ತಿಂಗಳ ವರದಿಗೆ ಸೇರುವಂಥದ್ದು ಎಂಬ ವಿಂಗಡಣೆ ಅಗತ್ಯ.

ನಿಗಾದ ಖಾತೆಗೆ ಓದುವ ಅಧಿಕಾರ ಮಾತ್ರ, ಅದೂ ಬೇಕಾದ ಶಾಖೆಗಳಿಗೆ ಮಾತ್ರ ಇರಬೇಕು. ಬರಹದ ಪರೀಕ್ಷೆ ನಡೆಸುವುದಾದರೆ ಆ ಒಂದು ಪರೀಕ್ಷಾ ದಾಖಲೆಯನ್ನು ಬದಲಿಸುವ ಅಧಿಕಾರ ಸಾಕು. ಕೆಲಸ ಸುಲಭವಾಗಲೆಂದು ಆಡಳಿತಗಾರನ ಗುಪ್ತಪದವನ್ನೇ ನಿಗಾದ ಸ್ಕ್ರಿಪ್ಟಿನಲ್ಲಿ ಬರೆದಿಟ್ಟರೆ, ಕಾವಲಿಗೆ ಇಟ್ಟದ್ದೇ ಕಳ್ಳನಿಗೆ ದಾರಿಯಾಗುತ್ತದೆ.

ಭಾರತದ ನಿಯಮಗಳು

ಭಾರತದಲ್ಲಿ ಲಾಗ್ ಇಡುವುದು ಆಡಳಿತಗಾರರ ಇಚ್ಛೆಗೆ ಮಾತ್ರ ಬಿಟ್ಟ ವಿಷಯವಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಪಟ್ಟಿಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಯಂತ್ರಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ಬೆಂಗಳೂರಿನ ಕಂಪನಿಗಳಿಗೂ ಜಿಲ್ಲಾ ಕೇಂದ್ರದ ಕಚೇರಿಗಳಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಡೈರೆಕ್ಟರಿಯ ಲಾಗ್ ದಿನಕ್ಕೆ ಹಲವು ಜಿಬಿ ಬೆಳೆಯಬಲ್ಲದಾದ್ದರಿಂದ, 180 ದಿನದ ಲೆಕ್ಕ ಹಾಕಿ ಬೇರೆ ಯಂತ್ರಕ್ಕೆ ಸಾಗಿಸುವ ವ್ಯವಸ್ಥೆ ಬೇಕು. ದಾಳಿಕೋರರು ಮೊದಲು ಅಳಿಸಲು ನೋಡುವುದು ಸರ್ವರ್‌ನಲ್ಲೇ ಉಳಿದ ಲಾಗನ್ನು.

ಅದೇ ಲಾಗ್ ಜನರ ಖಾಸಗಿ ವಿವರವೂ ಹೌದು. ಯಾರು ಎಷ್ಟು ಹೊತ್ತಿಗೆ ಕೆಲಸಕ್ಕೆ ಕೂತರು, ಎಲ್ಲಿಂದ ಬಂದರು, ಯಾರ ದೂರವಾಣಿ ಸಂಖ್ಯೆ ಹುಡುಕಿದರು ಎಂಬುದೆಲ್ಲ ಅದರಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬೆಳಕಿನಲ್ಲಿ ಇದನ್ನು ಯಾರು ಓದಬಹುದು, ಯಾವ ಉದ್ದೇಶಕ್ಕೆ ಓದಬಹುದು ಎಂಬುದನ್ನು ಬರೆದಿಡಬೇಕಾಗುತ್ತದೆ. ಸರ್ವರ್‌ನ ಸುರಕ್ಷತೆಗೆ ಕೂಡಿಟ್ಟ ದಾಖಲೆಯನ್ನು ನೌಕರರ ಹಾಜರಿ ಹಿಡಿಯಲು ಬಳಸುವುದು ನಂಬಿಕೆಯ ದುರುಪಯೋಗ.

ಮಿತಿಗಳು

ನಿಗಾ ಸ್ವತಃ ಸರ್ವರ್‌ಗೆ ಭಾರ. ಅತಿ ವಿವರವಾದ ಲಾಗ್ ಮಟ್ಟ ಚಾಲೂ ಇಟ್ಟರೆ ವೇಗ ಕುಸಿಯುತ್ತದೆ. ಮಾನಿಟರ್ ಶಾಖೆಯನ್ನು ಸೆಕೆಂಡಿಗೆ ಹಲವು ಸಲ ಓದುವುದರಿಂದ ಸಿಗುವ ಹೊಸ ಅರಿವು ಕಡಿಮೆ. ನಿಗಾದ ಯಂತ್ರವೇ ಲಾಗಿನ್‌ಗೆ ಅದೇ ಡೈರೆಕ್ಟರಿಯನ್ನು ಅವಲಂಬಿಸಿದ್ದರೆ, ಡೈರೆಕ್ಟರಿ ಬಿದ್ದ ದಿನ ಆಡಳಿತಗಾರರು ನಿಗಾದ ಫಲಕವನ್ನೂ ತೆರೆಯಲಾರರು. ಅದಕ್ಕೊಂದು ಸ್ವತಂತ್ರ ಖಾತೆ ಇರಬೇಕು.

ಅಂಕಿಗಳು ಹೇಳಲಾರದ್ದೂ ಒಂದಿದೆ. ದಾಖಲೆಗಳ ತಿರುಳು ಸರಿಯಿದೆಯೇ ಎಂಬುದನ್ನು ಯಾವ ಎಣಿಕೆಯೂ ತೋರಿಸುವುದಿಲ್ಲ. ವರ್ಗವಾಗಿ ಹೋದವರು ಹಳೆಯ ಗುಂಪಿನಲ್ಲೇ ಉಳಿದಿರಬಹುದು, ನಿವೃತ್ತರ ಖಾತೆ ತೆರೆದೇ ಇರಬಹುದು. ಸರ್ವರ್ ಆ ತಪ್ಪು ಉತ್ತರವನ್ನೂ ಅಷ್ಟೇ ಚುರುಕಾಗಿ ಕೊಡುತ್ತದೆ. ಬಹುಕಾಲ ಲಾಗಿನ್ ಆಗದ ಖಾತೆಗಳು, ಒಡೆಯರಿಲ್ಲದ ಗುಂಪುಗಳು, ಅವಧಿ ಮೀರಿದ ಅಧಿಕಾರಗಳನ್ನು ಕಾಲಕಾಲಕ್ಕೆ ಆಯಾ ವಿಭಾಗದವರ ಜೊತೆ ಕೂತು ಪರಿಶೀಲಿಸುವುದು ನಿಗಾದ ಭಾಗವೇ ಆಗಬೇಕು. ಲಾಗ್ ಮತ್ತು ಎಣಿಕೆಗಳು ಯಾವ ಖಾತೆಯನ್ನು ವಿಚಾರಿಸಬೇಕು ಎಂದು ತೋರಿಸುತ್ತವೆ. ಆ ಖಾತೆ ಇರಬೇಕೋ ಬೇಡವೋ ಎಂದು ಹೇಳಬಲ್ಲವರು ಅದರ ಹಿಂದಿನ ವ್ಯಕ್ತಿಯನ್ನು ಬಲ್ಲವರೇ.